ಕಥಾಮಾಲೆಯೂ ಶಬ್ದಕೋಶವೂ

ಮತ್ತಾಯನ ಸುವಾರ್ತೆಯ ಗಿರಿಪ್ರವಚನದಲ್ಲಿ ಮೇಲ್ನೋಟಕ್ಕೆ ಪರಸ್ಪರ ವಿರುದ್ಧವೆಂದು ತೋರುವ ಎರಡು ಬೋಧನೆಗಳಿವೆ. ಐದನೆಯ ಅಧ್ಯಾಯವು ಭಕ್ತನ ಸತ್ಕಾರ್ಯವು ಹೊತ್ತಿಸಿದ ದೀಪದಂತೆ ಜನರಿಗೆ ಕಾಣುತ್ತಿರಬೇಕೆಂದು ವಿಧಿಸುತ್ತದೆ. ಆರನೆಯದು ಜನರು ನೋಡಲೆಂದು ಧರ್ಮಕಾರ್ಯವನ್ನು ಮಾಡುವುದನ್ನು ನಿಷೇಧಿಸುತ್ತದೆ. ಕಾಣಬೇಕು, ಆದರೆ ಕಾಣಿಸಿಕೊಳ್ಳಲು ಹವಣಿಸಬಾರದು! ಕ್ರೈಸ್ತನಾದವನು ಈ ಎರಡನ್ನೂ ಏಕಕಾಲದಲ್ಲಿ ನಡೆಸುವುದೆಂತು? ರೆವರೆಂಡ್ ಫರ್ಡಿನೆಂಡ್ ಕಿಟ್ಟೆಲರ ಎರಡು ಕೃತಿಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿದರೆ ಈ ತೊಡಕಿಗೆ ಕನ್ನಡದಲ್ಲಿಯೇ ಒಂದು ಉತ್ತರ ದೊರೆಯುವುದು.

1832ರಲ್ಲಿ ಜರ್ಮನಿಯಲ್ಲಿ ಜನಿಸಿದ ಕಿಟ್ಟೆಲರು ಬಾಸೆಲ್ ಮಿಶನ್ನಿನ ಉಪದೇಶಕರಾಗಿ 1853ರಲ್ಲಿ ಈ ದೇಶಕ್ಕೆ ಬಂದರು. ಅವರ ‘ಕಥಾಮಾಲೆ’ 1862ರಲ್ಲಿ ಹೊರಬಿದ್ದಿತು. ಕ್ರಿಸ್ತನ ಚರಿತ್ರೆಯನ್ನು ಈ ನಾಡಿನ ಛಂದಸ್ಸಿನಲ್ಲಿ ಹೇಳಿದ ಕೃತಿಯದು. ಪರದೇಶದಿಂದ ಬಂದ ಬೋಧಕರೊಬ್ಬರು ತಮ್ಮ ನಾಡಿನ ಧಾಟಿಯನ್ನು ಬದಿಗಿಟ್ಟು, ಇಲ್ಲಿಯ ಜನರ ಕಿವಿಗೆ ಒಗ್ಗಿದ ಮಟ್ಟುಗಳನ್ನು ಕಲಿತು, ತಮಗೆ ಪರಮಪ್ರಿಯವಾದುದನ್ನು ಅವುಗಳಲ್ಲಿ ಹೇಳಲು ತೊಡಗಿದುದು ಸಾಮಾನ್ಯವಾದ ವಿನಯವಲ್ಲ. ಆದರೂ ಇಂತಹ ಕಾವ್ಯಕ್ಕೆ ಒಂದು ಸಹಜವಾದ ಮಿತಿಯುಂಟು. ಅದರ ಉದ್ದೇಶವು ಕಥೆಗಿಂತ ಮೊದಲು ಬಾಗಿಲಿಗೆ ಬಂದು ನಿಲ್ಲುತ್ತದೆ. ತನ್ನನ್ನು ಒಲಿಸಿಕೊಳ್ಳಲು ಬಂದವರೆದುರು ಅನ್ಯಮತದ ವಾಚಕನು ಮನಸ್ಸನ್ನು ಅರ್ಧ ಮುಚ್ಚಿಕೊಂಡೇ ಕುಳಿತಿರುತ್ತಾನೆ. ಇಲ್ಲಿ ಶ್ರದ್ಧೆಯು ಕೇಳಿಸುತ್ತದೆ. ಕಂಡಿತೆಂದು ಹೇಳುವುದು ಕಷ್ಟ.

ಈ ಛಂದೋವ್ಯಾಸಂಗವು ಅಲ್ಲಿಗೇ ನಿಲ್ಲಲಿಲ್ಲ. 1872ರಲ್ಲಿ ಕೇಶಿರಾಜನ ‘ಶಬ್ದಮಣಿದರ್ಪಣ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಕಿಟ್ಟೆಲರಿಂದ ಸಂಪಾದಿತವಾಗಿ ಪ್ರಕಟವಾದುವು. ಬಳಿಕ 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು 70,000 ಶಬ್ದಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಟಿತು. ಆ ಮಹಾಗ್ರಂಥದ ಯಾವ ಪುಟವನ್ನು ತೆರೆದರೂ ಅದನ್ನು ರಚಿಸಿದವರ ನಡತೆ ಕಾಣುತ್ತದೆ. ಜೈನನಾದ ಕೇಶಿರಾಜನೂ, ಬಸವಪುರಾಣವೂ, ಜೈಮಿನಿ ಭಾರತವೂ ಅಲ್ಲಿ ಸಮನಾದ ಸಾಕ್ಷಿಗಳು. ಹಳಗನ್ನಡದ ಪದದ ಬಳಿಯಲ್ಲಿಯೇ ಹೊಲದ, ಅಡುಗೆಮನೆಯ ಮಾತು ನಿಂತಿದೆ. ಹಳ್ಳಿಯ ಗಾದೆಗೂ ಅಲ್ಲಿ ಮಣೆ ಹಾಕಿದ್ದಾರೆ. ಸೋದರಭಾಷೆಗಳಾದ ತುಳು, ತಮಿಳು, ತೆಲುಗು, ಮಲೆಯಾಳಗಳ ರೂಪಗಳನ್ನು ಹೋಲಿಸಿ ಕೊಟ್ಟಿದೆ. ಸಂದೇಹವುಳ್ಳ ಕಡೆ ಪ್ರಶ್ನೆಯ ಚಿಹ್ನೆಯನ್ನು ಹಾಕಲು ಸಂಕೋಚಪಟ್ಟಿಲ್ಲ. ನೆರೆಯವನ ಮಾತನ್ನು, ಅವನ ದೇವರ ಹೆಸರನ್ನೂ ಒಳಗೊಂಡು, ಅವನು ಆಡುವ ಅರ್ಥದಲ್ಲಿಯೇ ಬರೆದಿಡುವುದಕ್ಕೆ ಪಾಂಡಿತ್ಯವೊಂದೇ ಸಾಲದು. ನೆರೆಯವನಲ್ಲಿ ಪ್ರೀತಿಯೂ, ಸುಳ್ಳಾಡಲಾರದ ಮನಸ್ಸೂ ಬೇಕು.

ಇದಕ್ಕೆ ಎರಡು ಆಕ್ಷೇಪಗಳು ಬರಬಹುದು. ಕೋಶವು ಮತಪ್ರಚಾರಕ್ಕೆ ಸಾಧನವಾಗಿತ್ತಲ್ಲವೇ ಎಂಬುದು ಮೊದಲನೆಯದು. ಜನರ ಭಾಷೆಯನ್ನು ಅರಿಯಬೇಕೆಂಬ ಪ್ರಚಾರಕರ ಅಗತ್ಯವು ಅದರ ಹಿಂದಿತ್ತೆಂಬುದು ನಿಜ. ಅದನ್ನು ಮರೆಮಾಚುವುದು ಉಚಿತವಲ್ಲ. ಆದರೆ ಅಗತ್ಯಕ್ಕೆ ಚಿಕ್ಕ ಕೈಪಿಡಿಯೇ ಸಾಕಾಗಿತ್ತು. ಸಾವಿರದ ಏಳುನೂರು ಪುಟಗಳನ್ನು ಮೀರಿದ ಈ ಗ್ರಂಥವು ಅಗತ್ಯದ ಲೆಕ್ಕವನ್ನು ಬಹುದೂರ ದಾಟಿದೆ. ಎರಡನೆಯದು ಇನ್ನೂ ಬಲವಾದುದು: ಯಾವ ಮತವೂ ಇಲ್ಲದ ಪ್ರಾಮಾಣಿಕ ವಿದ್ವಾಂಸನೂ ಇಂತಹ ಕೆಲಸವನ್ನು ಮಾಡಬಲ್ಲನಲ್ಲವೇ? ಮಾಡಬಲ್ಲನು. ಸತ್ಕಾರ್ಯದ ಮೇಲೆ ಮತದ ಮುದ್ರೆ ಇರುವುದಿಲ್ಲ. ಆದುದರಿಂದಲೇ ಅದರಲ್ಲಿ ಪ್ರದರ್ಶನದ ದೋಷವೂ ಸೇರುವುದಿಲ್ಲ. ದೀಪವು ಎಲ್ಲರ ಕಣ್ಣಿಗೂ ಬೀಳುತ್ತದೆ. ಆದರೆ ಅದರ ಕೆಲಸ ಮನೆಯೊಳಗಣ ವಸ್ತುಗಳನ್ನು ಬೆಳಗುವುದು. ಈ ಕೋಶದ ಬೆಳಕಿನಲ್ಲಿ ಕಂಡುದು ಕನ್ನಡ.

ಹೀಗೆಂದು ಕಥಾಮಾಲೆಯನ್ನು ಕಡೆಗಣಿಸುವುದು ನ್ಯಾಯವಲ್ಲ. ಕೋಶಕಾರರ ತಾಳ್ಮೆಯನ್ನು ಕಂಡು ಬೆರಗಾದವನು, ಇದು ಯಾವ ಬುಗ್ಗೆಯಿಂದ ಹರಿದು ಬಂದಿತೆಂದು ಕೇಳಿದರೆ, ಉತ್ತರವು ಆ ಹಳೆಯ ಕಾವ್ಯದಲ್ಲಿದೆ. ಆದರೆ ಕ್ರಮವನ್ನು ಗಮನಿಸಬೇಕು: ನಡತೆ ಪ್ರಶ್ನೆಯನ್ನು ಹುಟ್ಟಿಸಬೇಕು, ಮಾತು ಅದಕ್ಕೆ ಉತ್ತರವಾಗಬೇಕು. ಕೇಳದವನಿಗೆ ಕೊಟ್ಟ ಉತ್ತರ ಹೊರೆಯಾಗುತ್ತದೆ.

ಕಿಟ್ಟೆಲರು 1903ರಲ್ಲಿ, ಅವರ ಕನ್ನಡ ವ್ಯಾಕರಣವು ಪ್ರಕಟವಾದ ವರ್ಷದಲ್ಲಿಯೇ, ಜರ್ಮನಿಯಲ್ಲಿ ತೀರಿಕೊಂಡರು. ಅವರ ನಿಘಂಟನ್ನು ಮರಿಯಪ್ಪ ಭಟ್ಟರು ಪರಿಷ್ಕರಿಸಿ, ಮದರಾಸು ವಿಶ್ವವಿದ್ಯಾನಿಲಯದ ಮೂಲಕ 1968ರಿಂದ 1971ರ ವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದರು. ಪಾದ್ರಿಯೊಬ್ಬರು ಹೊತ್ತಿಸಿದ ದೀಪಕ್ಕೆ ಅನ್ಯಮತದ ವಿದ್ವಾಂಸರೊಬ್ಬರು ಎಣ್ಣೆ ಎರೆದರು. ಶ್ರದ್ಧೆಯು ಇತರರ ಕಣ್ಣಿಗೆ ಕಂಡಿತೆನ್ನಲು ಇದಕ್ಕಿಂತ ಬೇರೆ ಪ್ರಮಾಣವನ್ನು ಹುಡುಕಬೇಕಾಗಿಲ್ಲ.