ಮರಳದ ಮಗು, ತಿಳಿಯದ ಡೋಂಗ್ರಿ: ‘ಸಿದ್ಧಾರ್ಥ್’ ಚಿತ್ರದ ವಿಮರ್ಶೆ

ಕಳೆದುಹೋದ ಮಗು ಮರಳಿ ದೊರೆಯುವ ಕಥೆ ಭಾರತೀಯ ವಾಙ್ಮಯದಲ್ಲಿ ಅತ್ಯಂತ ಪುರಾತನವಾದುದು. ಭಾಗವತದ ದಶಮ ಸ್ಕಂಧದಲ್ಲಿ ಶಂಬರಾಸುರನು ಹಸುಗೂಸಾದ ಪ್ರದ್ಯುಮ್ನನನ್ನು ಕದ್ದು ಕಡಲಿಗೆಸೆಯುತ್ತಾನೆ; ಆ ಮಗು ಬೆಳೆದು ತರುಣನಾಗಿ ದ್ವಾರಕೆಗೆ ಮರಳುತ್ತದೆ. ಪ್ರಭಾಸ ಕ್ಷೇತ್ರದ ಕಡಲಲ್ಲಿ ಮಗನನ್ನು ಕಳೆದುಕೊಂಡ ಸಾಂದೀಪನಿಗೆ ಕೃಷ್ಣನು ಯಮಪುರಿಯಿಂದಲೇ ಆ ಬಾಲಕನನ್ನು ತಂದು ಗುರುದಕ್ಷಿಣೆಯಾಗಿ ಒಪ್ಪಿಸುತ್ತಾನೆ. ಕಾಳಿದಾಸನ ನಾಟಕದಲ್ಲಿ ಉಂಗುರವು ಪತ್ನಿಯ ನೆನಪನ್ನು ತಂದರೆ, ಮಗನ ತೋಳಿನಿಂದ ಜಾರಿಬಿದ್ದ ರಕ್ಷೆಯು ತಂದೆಗೆ ಮಗನನ್ನು ತೋರಿಸಿಕೊಡುತ್ತದೆ. ಕರ್ಣನ ವೃತ್ತಾಂತ ಮಾತ್ರ ಇವೆಲ್ಲಕ್ಕಿಂತ ಭಿನ್ನ. ಅಲ್ಲಿ ಗುರುತು ಸಿಗುತ್ತದೆ, ಆದರೆ ಮಗ ಮರಳುವುದಿಲ್ಲ. ಆದರೂ ಗುರುತು ಎಂಬುದೊಂದು ಅಲ್ಲಿಯೂ ಇದೆ. ಗುರುತೇ ಇಲ್ಲದ, ಮರಳುವಿಕೆಯೂ ಇಲ್ಲದ ಕಥೆಯನ್ನು ಹೇಳುವ ಬಗೆ ಹೇಗೆ? ಈ ಪ್ರಶ್ನೆಯನ್ನು ನಮ್ಮ ಪರಂಪರೆ ಹೆಚ್ಚಾಗಿ ಎತ್ತಿಕೊಂಡಂತೆ ಕಾಣುವುದಿಲ್ಲ.

ಮುಂಬಯಿಯ ಚಲನಚಿತ್ರೋದ್ಯಮವು ಈ ಹಳೆಯ ಅಚ್ಚನ್ನೇ ಹೊಸ ನಗರಕ್ಕೆ ಒಗ್ಗಿಸಿಕೊಂಡಿತು. ಮಲಾಡಿನ ಬಾಂಬೆ ಟಾಕೀಸ್ ಸಂಸ್ಥೆಯ ‘ಕಿಸ್ಮತ್’ (೧೯೪೩) ಚಿತ್ರದಲ್ಲಿ ತಂದೆಯಿಂದ ಅಗಲಿದ ಮಗ ಕೊನೆಗೆ ತಂದೆಯನ್ನು ಸೇರುತ್ತಾನೆ. ನಾಸಿರ್ ಹುಸೇನರ ‘ಯಾದೋಂ ಕೀ ಬಾರಾತ್’ (೧೯೭೩) ಚಿತ್ರದಲ್ಲಿ ರಕ್ಷೆಯ ಸ್ಥಾನವನ್ನು ಒಂದು ಹಾಡು ವಹಿಸುತ್ತದೆ. ಅದೇ ವರ್ಷ ತೆರೆಕಂಡ ಕನ್ನಡದ ‘ಗಂಧದ ಗುಡಿ’ಯ ಅಣ್ಣತಮ್ಮಂದಿರೂ ಈ ಪಂಕ್ತಿಗೇ ಸೇರಿದವರು. ಮನಮೋಹನ ದೇಸಾಯಿಯವರ ‘ಅಮರ್ ಅಕ್ಬರ್ ಆಂಥೋನಿ’ (೧೯೭೭) ಚಿತ್ರದಲ್ಲಿ ತಂದೆಯು ಮೂವರು ಮಕ್ಕಳನ್ನು ಗಾಂಧೀಜಿಯ ಪ್ರತಿಮೆಯ ಅಡಿಯಲ್ಲಿ ಬಿಟ್ಟು ಹೋಗುತ್ತಾನೆ. ಒಬ್ಬನನ್ನು ಪೋಲೀಸ್ ಅಧಿಕಾರಿ, ಒಬ್ಬನನ್ನು ಮುಸಲ್ಮಾನ ದರ್ಜಿ, ಮತ್ತೊಬ್ಬನನ್ನು ಕ್ರೈಸ್ತ ಪಾದ್ರಿ ಸಾಕುತ್ತಾರೆ. ವರ್ಷಗಳ ತರುವಾಯ ಮೂವರ ರಕ್ತವೂ ತಮಗರಿವಿಲ್ಲದೆಯೇ ಹೆತ್ತ ತಾಯಿಯ ದೇಹವನ್ನು ಸೇರುತ್ತದೆ. ಇದು ನಗರದ ಬಗೆಗೆ ಒಂದು ಭರವಸೆಯ ಮಾತು. ಈ ಮಹಾನಗರದಲ್ಲಿ ಕಳೆದುಹೋದ ಮಗುವನ್ನು ಯಾರಾದರೊಬ್ಬರು ಎತ್ತಿಕೊಂಡೇ ಎತ್ತಿಕೊಳ್ಳುತ್ತಾರೆಂಬುದು ಅದರ ತಾತ್ಪರ್ಯ. ಈ ಭರವಸೆಯನ್ನು ಹಗುರಾಗಿ ಕಾಣಬೇಕಾಗಿಲ್ಲ; ಆದರೆ ಅದನ್ನು ಪರೀಕ್ಷಿಸದೆ ಬಿಡುವುದೂ ಯುಕ್ತವಲ್ಲ.

ಅಂತಹ ಪರೀಕ್ಷೆಯನ್ನು ಕೈಗೊಂಡ ಚಿತ್ರ ರಿಚಿ ಮೆಹ್ತಾ ಅವರ ‘ಸಿದ್ಧಾರ್ಥ್’. ೨೦೧೩ರಲ್ಲಿ ವೆನಿಸ್ಸಿನಲ್ಲಿ ಪ್ರಥಮ ಪ್ರದರ್ಶನಗೊಂಡ ಈ ಹಿಂದೀ ಚಿತ್ರದ ಮೂಲದಲ್ಲಿ ಒಂದು ನಿಜ ಸಂಗತಿಯಿದೆ. ಕೆನಡಾ ನಿವಾಸಿಯಾದ ನಿರ್ದೇಶಕರು ದೆಹಲಿಯಲ್ಲಿ ಆಟೋರಿಕ್ಷಾ ಏರಿದಾಗ, ಅದರ ಚಾಲಕನು ‘ಡೋಂಗ್ರಿ’ ಎಂಬ ಸ್ಥಳ ಎಲ್ಲಿದೆಯೆಂದು ಕೇಳಿದನಂತೆ. ದುಡಿಮೆಗೆಂದು ಕಳುಹಿಸಿದ ಅವನ ಮಗ ಕಣ್ಮರೆಯಾಗಿದ್ದ. ಕದ್ದೊಯ್ದ ಮಕ್ಕಳು ಅಲ್ಲಿರುತ್ತಾರೆಂದು ಯಾರೋ ಹೇಳಿದ್ದರು. ಆ ಊರು ಯಾವ ಪ್ರಾಂತದ್ದೆಂಬುದೂ ತಿಳಿಯದೆ ಅವನು ತನ್ನ ಗಾಡಿಯನ್ನು ಏರಿದವರನ್ನೆಲ್ಲ ಕೇಳುತ್ತಿದ್ದ. ನಿರ್ದೇಶಕರು ಅಂತರ್ಜಾಲದಲ್ಲಿ ನೋಡಿದಾಗ ಡೋಂಗ್ರಿ ಮುಂಬಯಿಯ ಒಂದು ಬಡಾವಣೆಯೆಂಬುದು ಕೆಲವೇ ಕ್ಷಣಗಳಲ್ಲಿ ತಿಳಿದುಬಂದಿತು. ಒಬ್ಬನಿಗೆ ಕ್ಷಣಮಾತ್ರದಲ್ಲಿ ದೊರೆಯುವ ಉತ್ತರ ಮತ್ತೊಬ್ಬನಿಗೆ ತಿಂಗಳುಗಟ್ಟಲೆ ಅಲೆದರೂ ದೊರೆಯದು. ಈ ಅಂತರವೇ ಚಿತ್ರದ ನಿಜವಾದ ವಸ್ತು.

ಚಿತ್ರದ ನಾಯಕ ಮಹೇಂದ್ರ ದೆಹಲಿಯ ಬೀದಿಗಳಲ್ಲಿ ಕೆಟ್ಟ ಜಿಪ್ಪುಗಳನ್ನು ರಿಪೇರಿ ಮಾಡುವವನು. ಹನ್ನೆರಡು ವರ್ಷದ ಮಗನನ್ನು ಲೂಧಿಯಾನದ ಕಾರ್ಖಾನೆಗೆ ಕಳುಹಿಸುತ್ತಾನೆ. ದೀಪಾವಳಿಗೆ ಬರಬೇಕಾದ ಹುಡುಗ ಬರುವುದಿಲ್ಲ. ತಂದೆ ಲೂಧಿಯಾನಕ್ಕೆ ಹೋಗುತ್ತಾನೆ. ಡೋಂಗ್ರಿ ಎಂಬ ಹೆಸರನ್ನು ಹಿಡಿದು ಮುಂಬಯಿಗೂ ಬರುತ್ತಾನೆ. ಮಗ ಸಿಗುವುದಿಲ್ಲ. ಅವನಿಗೇನಾಯಿತೆಂಬುದೂ ತಿಳಿಯುವುದಿಲ್ಲ. ತಂದೆ ಮತ್ತೆ ತನ್ನ ಕಸುಬಿಗೆ ಹಿಂದಿರುಗುತ್ತಾನೆ. ಮಹೇಂದ್ರನಾಗಿ ರಾಜೇಶ್ ತೈಲಂಗ್, ಪತ್ನಿ ಸುಮನಳಾಗಿ ತನ್ನಿಷ್ಠಾ ಚಟರ್ಜಿ ತೋರಿದ ಸಂಯಮ ಪ್ರಶಂಸನೀಯವಾದುದು. ಅವರ ಅಭಿನಯವು ಪ್ರೇಕ್ಷಕನ ಕಣ್ಣೀರನ್ನು ಬೇಡುವುದಿಲ್ಲ.

ಈ ಕಥೆಯಲ್ಲಿ ಎಲ್ಲಕ್ಕಿಂತ ಮಾರ್ಮಿಕವಾದ ಅಂಶವೆಂದರೆ, ತಂದೆಯ ಬಳಿ ಮಗನ ಒಂದು ಭಾವಚಿತ್ರವೂ ಇಲ್ಲದಿರುವುದು. ಉಂಗುರ, ರಕ್ಷೆ, ಹಾಡು ಇವುಗಳ ಸ್ಥಾನವನ್ನು ಆಧುನಿಕ ಕಾಲದಲ್ಲಿ ಭಾವಚಿತ್ರ ಪಡೆದಿದೆ. ಪೋಲೀಸರು ಮೊದಲು ಕೇಳುವುದೂ ಅದನ್ನೇ. ಅಭಿಜ್ಞಾನವೂ ಒಂದು ಆಸ್ತಿ. ಬಡವನಿಗೆ ಅದೂ ಇಲ್ಲ. ಶಕುಂತಲೆ ಉಂಗುರವನ್ನು ಕಳೆದುಕೊಂಡಳು. ಮಹೇಂದ್ರನಿಗಾದರೋ ಕಳೆದುಕೊಳ್ಳಲು ಉಂಗುರವೇ ಇರಲಿಲ್ಲ. ‘ಅಮರ್ ಅಕ್ಬರ್ ಆಂಥೋನಿ’ಯ ಭರವಸೆಗೆ ಈ ಚಿತ್ರ ಕೊಡುವ ಉತ್ತರ ಇಷ್ಟೆ: ಎತ್ತಿಕೊಳ್ಳುವವರು ಇದ್ದರೂ ಇರಬಹುದು, ಆದರೆ ಗುರುತಿಸಿಕೊಡುವ ವ್ಯವಸ್ಥೆ ಇಲ್ಲ.

ರಸದೃಷ್ಟಿಯಿಂದಲೂ ಇಲ್ಲಿ ಒಂದು ವಿಚಾರಣೀಯ ಅಂಶವುಂಟು. ಭರತನು ಕರುಣಕ್ಕೂ ವಿಪ್ರಲಂಭಕ್ಕೂ ಭೇದವನ್ನು ಹೇಳುವಾಗ ನಿರಪೇಕ್ಷತೆಯನ್ನು ಮೊದಲನೆಯದಕ್ಕೂ ಸಾಪೇಕ್ಷತೆಯನ್ನು ಎರಡನೆಯದಕ್ಕೂ ಲಕ್ಷಣವಾಗಿ ಹೇಳಿದ್ದಾನೆ. ಪುನರ್ಮಿಲನದ ಆಸೆ ಅಳಿದಲ್ಲಿ ಕರುಣ, ಉಳಿದಲ್ಲಿ ವಿಪ್ರಲಂಭ. ವಿಪ್ರಲಂಭವು ಶೃಂಗಾರದ ಪ್ರಭೇದವಾದರೂ, ವಾತ್ಸಲ್ಯಕ್ಕೆ ಈ ಭೇದವನ್ನು ವಿಸ್ತರಿಸಿ ನೋಡುವುದು ಅನುಚಿತವಾಗದು. ಕಣ್ಮರೆಯಾದ ಮಗುವಿನ ತಂದೆತಾಯಿಗಳು ನಿಂತಿರುವುದು ಇವೆರಡರ ನಡುವೆ. ಆಸೆಯನ್ನು ಬಿಟ್ಟರೆ ಮಗುವಿಗೆ ದ್ರೋಹ. ಹಿಡಿದರೆ ತಮ್ಮ ಬಾಳಿಗೇ ದ್ರೋಹ. ಅಮೆರಿಕದ ವಿದುಷಿ ಪಾಲಿನ್ ಬಾಸ್ ೧೯೭೦ರ ದಶಕದಲ್ಲಿ ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳನ್ನು ಅಭ್ಯಸಿಸಿ ಈ ಅವಸ್ಥೆಯನ್ನು ಅನಿಶ್ಚಿತ ನಷ್ಟವೆಂದು ಹೆಸರಿಸಿದರು. ಸಾವಿಗೆ ಸಂಸ್ಕಾರವುಂಟು, ಸೂತಕವುಂಟು, ಸೂತಕಕ್ಕೆ ಕೊನೆಯುಂಟು. ಕಾಣೆಯಾದುದಕ್ಕೆ ಇವಾವುವೂ ಇಲ್ಲ. ‘ಸಿದ್ಧಾರ್ಥ್’ ಈ ನಡುವಣ ನೆಲೆಯನ್ನು ಬಿಟ್ಟು ಕದಲುವುದಿಲ್ಲ. ಒಂದು ಶವವನ್ನು ತೋರಿಸಿ ಕರುಣಕ್ಕೆ ಜಾರಬಹುದಿತ್ತು. ಬಾಗಿಲು ತಟ್ಟಿದ ಸದ್ದನ್ನು ಕೇಳಿಸಿ ಸುಖಾಂತ್ಯಕ್ಕೂ ಜಾರಬಹುದಿತ್ತು. ಎರಡನ್ನೂ ಬಿಟ್ಟುದು ಕೃತಿಯ ಪ್ರಾಮಾಣಿಕತೆಗೆ ಸಾಕ್ಷಿ.

ಸಮಾಜವು ಇಂತಹ ಅನಿಶ್ಚಿತತೆಯನ್ನು ಸಹಿಸಲಾರದೆ ಅವಧಿಗಳನ್ನು ಕಲ್ಪಿಸಿದೆ. ಹನ್ನೆರಡು ವರ್ಷ ಸುದ್ದಿಯಿಲ್ಲದವನಿಗೆ ದರ್ಭೆಯ ಇಲ್ಲವೆ ಮುತ್ತುಗದೆಲೆಯ ಪ್ರತಿಕೃತಿಯನ್ನು ಮಾಡಿ ಸಂಸ್ಕಾರ ನಡೆಸುವ ಪದ್ಧತಿ ಧರ್ಮಶಾಸ್ತ್ರದಲ್ಲಿದೆ. ಏಳು ವರ್ಷ ಸುದ್ದಿಯಿಲ್ಲದವನು ಬದುಕಿದ್ದಾನೆಂದು ಸಾಧಿಸುವ ಹೊಣೆಯನ್ನು ಸಾಕ್ಷ್ಯದ ಕಾನೂನು ಹಾಗೆ ಹೇಳುವವನ ಮೇಲೆಯೇ ಹೊರಿಸುತ್ತದೆ. ಚಿತ್ರವು ಪ್ರದರ್ಶನಗೊಂಡ ವರ್ಷವೇ, ೨೦೧೩ರ ಮೇ ೧೦ರಂದು, ಬಚ್‌ಪನ್ ಬಚಾವೋ ಆಂದೋಲನದ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು ಮಗು ಕಾಣೆಯಾದ ದೂರು ಬಂದೊಡನೆ ಪ್ರಥಮ ವರ್ತಮಾನ ವರದಿಯನ್ನು ದಾಖಲಿಸಬೇಕು, ಅಪಹರಣ ಅಥವಾ ಸಾಗಾಟವೆಂದೇ ಮೊದಲು ಭಾವಿಸಬೇಕು ಎಂದು ಆದೇಶಿಸಿತು. ಇದು ಉಪಕಾರಕವಾದ ಆದೇಶವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಹದಿನಾಲ್ಕು ವರ್ಷದೊಳಗಿನ ಮಗುವನ್ನು ಕಾರ್ಖಾನೆಯಲ್ಲಿ ದುಡಿಸಕೂಡದೆಂದು ಸಂವಿಧಾನದ ೨೪ನೆಯ ವಿಧಿ ಹೇಳುತ್ತಿರುವಾಗ, ಮಗನನ್ನು ದುಡಿಮೆಗೆ ಕಳುಹಿಸಿದ ತಂದೆ ಪೋಲೀಸ್ ಠಾಣೆಯ ಮೆಟ್ಟಿಲನ್ನು ಅರ್ಧ ಅಪರಾಧಿಯಾಗಿಯೇ ಹತ್ತಬೇಕಾಗುತ್ತದೆ. ತಂದೆಯ ತಪ್ಪನ್ನು ಚಿತ್ರ ಮುಚ್ಚಿಡುವುದಿಲ್ಲ. ಅದೊಂದನ್ನೇ ಕಾರಣವೆಂದು ತೀರ್ಪನ್ನೂ ಕೊಡುವುದಿಲ್ಲ.

ಚಿತ್ರದ ದೋಷಗಳನ್ನೂ ಹೇಳಬೇಕಾದುದು ನ್ಯಾಯ. ಮುಂಬಯಿಯ ಭಾಗ ಪೂರ್ವಾರ್ಧದಷ್ಟು ದಟ್ಟವಾಗಿಲ್ಲ. ಡೋಂಗ್ರಿಯು ಅಲ್ಲಿ ಒಂದು ಭಯದ ಹೆಸರಾಗಿ ಬರುತ್ತದೆಯೇ ಹೊರತು ಜನ ಬಾಳುವ ಬಡಾವಣೆಯಾಗಿ ಮೈದಳೆಯುವುದಿಲ್ಲ. ಸ್ಯಾಂಡ್‌ಹರ್ಸ್ಟ್ ರೋಡ್ ನಿಲ್ದಾಣದ ನೆರೆಯ ಈ ಮೊಹಲ್ಲಾಗಳನ್ನು ಬಲ್ಲವರಿಗೆ ಈ ಕೊರತೆ ಎದ್ದು ಕಾಣುತ್ತದೆ. ೧೮೮೨ರಲ್ಲಿ ಟಿಳಕ ಮತ್ತು ಆಗರಕರರು ೧೦೧ ದಿನಗಳನ್ನು ಕಳೆದುದು ಡೋಂಗ್ರಿಯ ಸೆರೆಮನೆಯಲ್ಲಿ. ಮನೆಯಿಂದ ತಪ್ಪಿಸಿಕೊಂಡ, ದಿಕ್ಕಿಲ್ಲದ ಮಕ್ಕಳನ್ನು ಇರಿಸಿಕೊಳ್ಳುವ ಬಾಲಗೃಹವೂ ಇದೇ ಡೋಂಗ್ರಿಯ ಉಮರ್‌ಖಾಡಿಯಲ್ಲಿದೆ. ದೆಹಲಿಯ ಆ ತಂದೆಯ ಕಿವಿಗೆ ಬಿದ್ದ ವದಂತಿಗೆ ಇದೇ ಮೂಲವೆಂದು ಹೇಳಲಾಗದು. ಆದರೆ ಮಕ್ಕಳನ್ನು ಕದಿಯುವ ಸ್ಥಳವೆಂದು ದೂರದಲ್ಲಿ ಕುಖ್ಯಾತವಾದ ಹೆಸರೇ, ಸಮೀಪದಲ್ಲಿ, ಕಳೆದುಹೋದ ಮಕ್ಕಳಿಗೆ ಆಶ್ರಯವಿತ್ತ ಸ್ಥಳದ ಹೆಸರೂ ಆಗಿದೆ ಎಂಬ ವೈಪರೀತ್ಯವನ್ನು ಚಿತ್ರ ಬಳಸಿಕೊಂಡಿದ್ದರೆ ಅದರ ಅರ್ಥ ಇನ್ನಷ್ಟು ಗಾಢವಾಗುತ್ತಿತ್ತು.

ಹುಡುಗನ ಹೆಸರಿನಲ್ಲಿಯೂ ಒಂದು ಧ್ವನಿಯಿದೆ. ಕಪಿಲವಸ್ತುವಿನ ಸಿದ್ಧಾರ್ಥನು ಮನೆ ಬಿಟ್ಟ ಕಥೆಯನ್ನು ಲೋಕ ಹೋದವನ ಕಡೆಯಿಂದ ಕೇಳಿದೆ. ಉಳಿದವರ ಕಡೆಯಿಂದ ಕೇಳಬೇಕೆಂಬ ಕಳಕಳಿ ಕನ್ನಡಕ್ಕೆ ಹೊಸದಲ್ಲ. ಮಾಸ್ತಿಯವರು ತಮ್ಮ ನಾಟಕಕ್ಕೆ ‘ಯಶೋಧರಾ’ ಎಂದೇ ಹೆಸರಿಟ್ಟರು. ಶುದ್ಧೋದನನ ಮಗ ಬುದ್ಧನಾಗಿ ಒಮ್ಮೆ ಊರಿಗೆ ಬಂದನು. ಮಹೇಂದ್ರನಿಗೆ ಆ ಸಮಾಧಾನವೂ ಇಲ್ಲ.

ಮುಂಬಯಿಯ ಕನ್ನಡಿಗರಿಗೆ ಈ ಚಿತ್ರ ಪರರ ಕಥೆಯಾಗಿ ಉಳಿಯಲಾರದು. ಕರಾವಳಿಯಿಂದ ಹಡಗನ್ನೋ ಬಸ್ಸನ್ನೋ ಹತ್ತಿ, ಮನೆಗೆ ಹೇಳಿಯೋ ಹೇಳದೆಯೋ ಈ ನಗರಕ್ಕೆ ಬಂದ ಹುಡುಗರು ಎಷ್ಟೋ ಮಂದಿ. ಹೋಟೆಲುಗಳಲ್ಲಿ ಲೋಟ ತೊಳೆದು, ಕೋಟೆಯ ರಾತ್ರಿಶಾಲೆಗಳಲ್ಲಿ ಅಕ್ಷರ ಕಲಿತು ಮುಂದೆ ಬಂದವರ ಚರಿತ್ರೆಯನ್ನು ಅಭಿನಂದನ ಗ್ರಂಥಗಳೂ ಸ್ಮರಣ ಸಂಚಿಕೆಗಳೂ ಪ್ರೀತಿಯಿಂದ ಬರೆದಿಟ್ಟಿವೆ. ಅದು ಸರಿಯೆ. ಆದರೆ ಆ ಗ್ರಂಥಗಳೆಲ್ಲವೂ ‘ಕಿಸ್ಮತ್’ನ ಅಚ್ಚಿನವು, ಕಡೆಗೆ ಗುರುತು ಸಿಕ್ಕವರ ಕಥೆಗಳು. ಯಾರ ಕಾಗದ ಮನೆಗೆ ಬರುವುದು ನಿಂತಿತೋ, ಯಾರ ಹೆಸರನ್ನು ಹಿಡಿದು ಊರಿನ ತಂದೆಯೊಬ್ಬ ಮುಂಬಯಿಗೆ ಹೋಗಿಬಂದವರನ್ನೆಲ್ಲ ವಿಚಾರಿಸುತ್ತಿದ್ದನೋ, ಅವರಿಗೆ ಆ ಪುಟಗಳಲ್ಲಿ ಜಾಗವಿಲ್ಲ. ಸಂಶೋಧನೆಯೆಂಬುದು ದೊರೆತ ದಾಖಲೆಯ ಕೆಲಸ. ದಾಖಲೆಯೇ ಇಲ್ಲದವರನ್ನು ಅದು ಸುಲಭವಾಗಿ ಬಿಟ್ಟುಬಿಡುತ್ತದೆ. ರಾತ್ರಿಶಾಲೆಗಳ ಹಳೆಯ ಹಾಜರಿ ಪುಸ್ತಕಗಳು ಉಳಿದಿದ್ದರೆ, ಅವುಗಳಲ್ಲಿ ನಡುವೆ ನಿಂತುಹೋದ ಹೆಸರುಗಳನ್ನಾದರೂ ಓದಿ ಪಟ್ಟಿಮಾಡಬಹುದು. ಆ ಹೆಸರುಗಳನ್ನು ಕೇಳಿಕೊಂಡು ಊರಿನಿಂದ ಯಾರೂ ಇನ್ನು ಬರಲಿಕ್ಕಿಲ್ಲ. ಆದರೂ ಬಂದವರಿಗೆ ತೋರಿಸಲು ಒಂದು ಪುಟವಾದರೂ ಇರಬೇಕಾದುದು ಅಗತ್ಯ.