ಪ್ರಲಾಪದ ಉಳಿದರ್ಧ

ಕ್ರೈಸ್ತರ ಶವಸಂಸ್ಕಾರದ ಪ್ರಸಂಗಗಳಲ್ಲಿ ಬೈಬಲಿನ 'ಪ್ರಲಾಪಗಳು' ಗ್ರಂಥದ ಪ್ರಸ್ತಾಪ ಬಂದಾಗಲೆಲ್ಲ, ದೇವರ ಕರುಣೆಯು ದಿನದಿನದ ಉದಯದೊಡನೆ ನೂತನವಾಗುವುದೆಂದು ಸಾರುವ ಮೂರನೆಯ ಅಧ್ಯಾಯದ ಕೆಲವೇ ವಚನಗಳು ಬೋಧಕರ ನಾಲಗೆಯ ಮೇಲೆ ನಲಿಯುತ್ತವೆ. ಆ ವಚನಗಳನ್ನು ಸುತ್ತುವರಿದಿರುವ ಮಹಾಶೋಕವಾದರೋ ಅನುಚಿತವಾದುದೇನೋ ಎಂಬಂತೆ ಮೌನದಲ್ಲಿ ಮುಚ್ಚಿಹೋಗುತ್ತದೆ. ಆ ವಚನಗಳ ಕೀರ್ತಿಯು ಅವುಗಳ ನೆರೆಯನ್ನು ಮರೆಸಿ ಬೆಳೆದ ಕೀರ್ತಿಯೆಂದೂ, ಉಪೇಕ್ಷಿತವಾದ ಉಳಿದ ಭಾಗದಲ್ಲಿಯೇ ಕ್ರೈಸ್ತನ ಭರವಸೆಯ ನಿಜವಾದ ಬಲವಿದೆಯೆಂದೂ ನನ್ನ ದೃಢವಾದ ಅಭಿಪ್ರಾಯ.

ಕ್ರಿಸ್ತಪೂರ್ವ ಆರನೆಯ ಶತಮಾನದಲ್ಲಿ ಬಾಬಿಲೋನಿನ ಸೈನ್ಯವು ಯೆರೂಸಲೇಮನ್ನು ಸುಟ್ಟು ದೇವಾಲಯವನ್ನು ಕೆಡವಿದ, ಈ ಶೋಕಕ್ಕೆ ಮೂಲವಾದ ಕಥೆಯನ್ನಾಗಲಿ, ಗ್ರಂಥಕರ್ತನು ಯೆರೆಮೀಯನೇ ಅಲ್ಲವೇ ಎಂಬ ಚರ್ಚೆಯನ್ನಾಗಲಿ ಇಲ್ಲಿ ವಿಸ್ತರಿಸಬೇಕಾಗಿಲ್ಲ. ನಾವು ನಿಂತು ನೋಡಬೇಕಾದುದು ಗ್ರಂಥದ ಕಟ್ಟಡವನ್ನು. ಐದು ಶೋಕಗೀತಗಳಲ್ಲಿ ಮೊದಲಿನ ಎರಡಕ್ಕೂ ಕಡೆಯ ಎರಡಕ್ಕೂ ಇಪ್ಪತ್ತೆರಡು ಇಪ್ಪತ್ತೆರಡು ವಚನಗಳು, ನಡುವಿನದಕ್ಕೆ ಅರುವತ್ತಾರು. ಹೀಬ್ರೂ ವರ್ಣಮಾಲೆಯ ಅಕ್ಷರಗಳು ಇಪ್ಪತ್ತೆರಡು; ಮೊದಲ ನಾಲ್ಕು ಗೀತಗಳ ವಚನಗಳು ಆ ಅಕ್ಷರಗಳ ಕ್ರಮದಲ್ಲಿ ಆರಂಭವಾಗುತ್ತವೆ, ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರು ಮೂರರಂತೆ. ಐದನೆಯದರಲ್ಲಿ ಸಂಖ್ಯೆ ಮಾತ್ರ ಉಳಿದು ಅಕ್ಷರಕ್ರಮವು ಕಳಚಿಬೀಳುತ್ತದೆ.

ಈಗ ಮೂರನೆಯ ಅಧ್ಯಾಯವನ್ನು ಬೆರಳಿಟ್ಟು ಓದೋಣ. ಹದಿನೆಂಟನೆಯ ವಚನದಲ್ಲಿ ನೊಂದವನು ತನ್ನ ನಿರೀಕ್ಷೆಯೇ ನಾಶವಾಯಿತೆನ್ನುತ್ತಾನೆ. ಇಪ್ಪತ್ತೊಂದರಲ್ಲಿ ಅದೇ ಬಾಯಿಂದ ನಿರೀಕ್ಷೆಯಿದೆಯೆನ್ನುತ್ತಾನೆ. ನಡುವೆ ಏನು ನಡೆಯಿತು? ಸೆರೆ ಬಿಡಲಿಲ್ಲ, ಶತ್ರು ಹಿಮ್ಮೆಟ್ಟಲಿಲ್ಲ, ದೇವರು ಮಾತನಾಡಲಿಲ್ಲ. ಮುಂದಿನ ಅಕ್ಷರ ಬಂದಿತು, ಅಷ್ಟೇ. ಒಂದು ಅಕ್ಷರದಡಿಯಲ್ಲಿ ಹತಾಶನಾದವನು, ವರ್ಣಮಾಲೆಯು ತನಗಾಗಿ ನಿಲ್ಲದೆ ಮುಂದೆ ಸಾಗುವುದರಿಂದ, ಮುಂದಿನ ಅಕ್ಷರದಡಿಯಲ್ಲಿ ತನ್ನ ಕಹಿಯನ್ನು ನೆನೆಯುತ್ತಾನೆ. ನೆನೆಯುತ್ತ ನೆನೆಯುತ್ತ ದೇವರ ಕೃಪೆಯನ್ನೂ ನೆನೆಯುತ್ತಾನೆ. ಭರವಸೆಯ ಈ ಭಾಗವು ಮೂವತ್ತಮೂರನೆಯ ವಚನಕ್ಕೆ, ಎಂದರೆ ಗೀತದ ಸರಿಯಾದ ಅರ್ಧಕ್ಕೆ, ಮುಗಿಯುತ್ತದೆ. ಬೋಧಕರು ಪುಸ್ತಕವನ್ನು ಮುಚ್ಚುವುದೂ ಅಲ್ಲಿಯೇ. ಆದರೆ ಕವಿಯು ಮುಚ್ಚಲಿಲ್ಲ. ಅವನಿಗೆ ಇನ್ನೂ ಮೂವತ್ತಮೂರು ವಚನಗಳಿದ್ದವು. ನಲವತ್ತೆರಡರಲ್ಲಿ ನೀನು ಕ್ಷಮಿಸಲಿಲ್ಲವೆಂದು ದೇವರ ಮುಖಕ್ಕೇ ಆಡಿ, ನಲವತ್ತನಾಲ್ಕರಲ್ಲಿ ಪ್ರಾರ್ಥನೆಯೊಂದೂ ತೂರಿಬಾರದಂತೆ ಮೋಡವನ್ನು ಹೊದ್ದುಕೊಂಡಿರುವೆಯೆಂದು ಅವನು ಆಪಾದಿಸುತ್ತಾನೆ. ಭರವಸೆಯನ್ನು ಕಂಡವನೇ ಹೀಗೆ ಆಡುತ್ತಿದ್ದಾನೆ, ಭರವಸೆಯುಳ್ಳವನಾದುದರಿಂದಲೇ ಆಡಬಲ್ಲವನಾಗಿದ್ದಾನೆ. ಕೇಳುವವನೊಬ್ಬನಿದ್ದಾನೆಂಬ ನಂಬುಗೆಯಿಲ್ಲದವನು ಮೊರೆಯಿಡುವುದಾದರೂ ಯಾರಲ್ಲಿ?

ಶೋಕಕ್ಕೆ ಅಕ್ಷರಕ್ರಮದಂಥ ಕಟ್ಟಳೆಯನ್ನು ವಿಧಿಸುವುದು ಕೃತಕವೆಂದು ತೋರುವವರಿಗೆ ನಮ್ಮ ತ್ಯಾಗಲಿ ಗ್ರಾಮದ ಆಸುಪಾಸಿನ ಹವ್ಯಕ ಬ್ರಾಹ್ಮಣರ ಮನೆಗಳ ಅಪರಕ್ರಿಯೆಗಳು ಉತ್ತರವೀಯಬಲ್ಲವು. ಸಾವಿನ ಮನೆಯವರು ಹದಿಮೂರು ದಿನಗಳ ಪರ್ಯಂತ ದಿನಕ್ಕೊಂದು ಕರ್ತವ್ಯದ ಕೈಹಿಡಿದು ನಡೆಯುವಲ್ಲಿ, ದಿನಗಳ ಎಣಿಕೆಯು ದುಃಖವನ್ನು ಸುಳ್ಳಾಗಿಸುವುದಿಲ್ಲ. ದುಃಖಿತನು ಕುಸಿಯದಂತೆ ತಡೆಯುತ್ತದೆ. ಕಥೋಲಿಕರ ಮನೆಗಳಲ್ಲಿ ಸಂಜೆ ಸಂಜೆಗೆ ಮೃತರಿಗಾಗಿ ನಡೆಯುವ ಜಪಸರ, ನವೆಂಬರ್ 2ರಂದು ಸಮಾಧಿಗಳ ಬಳಿಯ ಪ್ರಾರ್ಥನೆ, ಇವುಗಳ ಮರ್ಮವೂ ಇದೇ.

ಇಲ್ಲಿ ವಿಮರ್ಶಕರೊಡನೆ ಒಂದು ವ್ಯಾಜ್ಯ ತೀರಬೇಕಾಗಿದೆ. 1924ರಲ್ಲಿ ಐ. ಎ. ರಿಚರ್ಡ್ಸ್, ಸ್ವರ್ಗದ ಪರಿಹಾರವನ್ನು ಮುಂದಿಡುವ ಧರ್ಮದ ಸೋಂಕು ತಗುಲಿದೊಡನೆ ರುದ್ರನಾಟಕವು ಸಾಯುವುದೆಂದು ಬರೆದನು. 1961ರಲ್ಲಿ ಜಾರ್ಜ್ ಸ್ಟೈನರ್ ಕ್ರೈಸ್ತದೃಷ್ಟಿಯೇ ದುರಂತಕ್ಕೆ ವಿರುದ್ಧವೆಂದು ವಾದಿಸಿದನು. ಈ ಮತವನ್ನು ಪರೀಕ್ಷಿಸದೆ ಒಪ್ಪಿದ ನಮ್ಮವರು ಕ್ರೈಸ್ತನ ಕಣ್ಣೀರು ಮುಂದಾಗಿ ಒರೆಸಿಟ್ಟ ಕಣ್ಣೀರೆಂದು ಭಾವಿಸುತ್ತಾರೆ. ರಿಚರ್ಡ್ಸನ ಮಾತು ಅರ್ಧಕ್ಕೆ ನಿಲ್ಲುವ ಬೋಧಕನಿಗೆ ಸಲ್ಲಬಹುದು, ಗ್ರಂಥಕ್ಕೆ ಸಲ್ಲದು. ಮೊದಲ ಅಧ್ಯಾಯದಲ್ಲಿ ಸಂತೈಸುವವರಿಲ್ಲವೆಂಬ ಅಳಲು ಐದು ಬಾರಿ ಕೇಳಿಬರುತ್ತದೆ; ಗ್ರಂಥದಲ್ಲಿ ದೇವರು ನೇರವಾಗಿ ಒಮ್ಮೆಯೂ ಬಾಯಿ ತೆರೆಯುವುದಿಲ್ಲ; ಕೊನೆಯ ವಚನವು ನಮ್ಮನ್ನು ತೀರ ತಳ್ಳಿಬಿಟ್ಟೆಯೋ ಎಂಬ ಭಯದಲ್ಲಿಯೇ ನಿಲ್ಲುತ್ತದೆ. ಆ ಭಯದಲ್ಲಿ ವಾಚನವನ್ನು ಮುಗಿಸಲಾರದೆ ಯೆಹೂದ್ಯರು ಅದರ ಹಿಂದಿನ ವಚನವನ್ನು ಮತ್ತೊಮ್ಮೆ ಓದುವ ಸಂಪ್ರದಾಯವನ್ನಿಟ್ಟುಕೊಂಡಿದ್ದಾರೆ. ಪರಿಹಾರವನ್ನು ಕಿಸೆಯಲ್ಲಿಟ್ಟುಕೊಂಡು ಅಳುವವರ ಕೃತಿಯೇ ಇದು?

ಕನ್ನಡದಲ್ಲಿ ಕ್ರೈಸ್ತಶೋಕದ ಮಾತು ಬಂದೊಡನೆ ಮಂಜೇಶ್ವರದ ಗೋವಿಂದ ಪೈಗಳ 'ಗೊಲ್ಗೊಥಾ'ವನ್ನು ಹೊಗಳಿ ವಿರಮಿಸುವ ವಿಮರ್ಶಕರ ವಿಷಯದಲ್ಲಿಯೂ ನನಗೆ ಅಸಮಾಧಾನವುಂಟು. ಯೇಸುವಿನ ಕಡೆಯ ದಿನವನ್ನು ಕುರಿತ ಆ ಖಂಡಕಾವ್ಯ ನಮ್ಮ ಭಾಷೆಯ ಗೌರವಕ್ಕೆ ಭೂಷಣವೇ ಸರಿ. ಆದರೆ ಅದು ಶಿಲುಬೆಯ ಮೇಲಿನವನ ಕಾವ್ಯ. ಶಿಲುಬೆಯಿಂದ ಮನೆಗೆ ಹಿಂದಿರುಗಿ ಮರುದಿನವೂ ಒಲೆ ಹೊತ್ತಿಸಬೇಕಾದವರ ದುಃಖವನ್ನು ಅರಸುವವರು ಪ್ರಲಾಪಗಳಿಗೇ ಬರಬೇಕು.

ಅದರಲ್ಲಿಯೂ ಐದನೆಯ ಅಧ್ಯಾಯಕ್ಕೆ. ಅಲ್ಲಿ 'ನಾನು' ಹೋಗಿ 'ನಾವು' ಬರುತ್ತದೆ: ಪಿತ್ರಾರ್ಜಿತವು ಅನ್ಯರ ಪಾಲಾದವರು, ಕುಡಿಯುವ ನೀರಿಗೂ ಉರಿಸುವ ಕಟ್ಟಿಗೆಗೂ ಹಣ ತೆರುವವರು ಒಟ್ಟಾಗಿ ಮೊರೆಯಿಡುತ್ತಾರೆ. ಆಫ್ರಿಕದಿಂದ ದಾಸರಾಗಿ ತರಲ್ಪಟ್ಟವರ ಸಂತತಿಯಾಗಿ ಯಲ್ಲಾಪುರ, ಹಳಿಯಾಳಗಳ ಕಾಡಂಚಿನಲ್ಲಿ ಬಾಳುತ್ತಿರುವ ಸಿದ್ದಿಯರಲ್ಲಿ ಕ್ರೈಸ್ತರೂ ಇದ್ದಾರೆ. ಈ ವಚನಗಳಿಗೆ ಅವರಿಗಿಂತ ಮಿಗಿಲಾದ ವಾರಸುದಾರರಾರು? 1784ರಿಂದ 1799ರವರೆಗೆ ಶ್ರೀರಂಗಪಟ್ಟಣದ ಸೆರೆಯನ್ನುಂಡ ಕರಾವಳಿಯ ಕಥೋಲಿಕರ ವಂಶಜರಿಗೂ ಈ ಅಧ್ಯಾಯದ ಮೇಲೆ ಹಕ್ಕಿದೆ. ಇಂಥವರ ಮುಂದೆ ಮುಂಜಾನೆಯ ಕರುಣೆಯನ್ನಷ್ಟೇ ಓದಿ ಈ ಅಧ್ಯಾಯವನ್ನು ಬಿಡುವುದು ಅವರ ಇತಿಹಾಸವನ್ನೇ ಬಿಟ್ಟಂತೆ.

ಬೋಧಕರ ಪಕ್ಷದಲ್ಲಿಯೂ ನ್ಯಾಯವಿಲ್ಲದಿಲ್ಲ: ಹಸಿದುಃಖದವರಿಗೆ ಮೊದಲು ಆಸರೆ ಬೇಕು. ಆದರೆ ಅವರು ಆಶ್ರಯಿಸುವ ಪೌಲನೂ ಥೆಸಲೊನೀಕದವರಿಗೆ ದುಃಖಿಸಬೇಡಿರೆಂದು ಬರೆಯಲಿಲ್ಲ, ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿರೆಂದನು. ಲಾಜರನನ್ನು ಎಬ್ಬಿಸಲೆಂದೇ ಬಂದಿದ್ದ ಯೇಸುವು ಅವನ ಗೋರಿಯ ದಾರಿಯಲ್ಲಿ ಅತ್ತನು. ಸಭೆಯ ಪ್ರಾಚೀನರಿಗೆ ಇದು ತಿಳಿದಿತ್ತು. ಪವಿತ್ರ ವಾರದ ಲತೀನ್ ಆರಾಧನೆಯಲ್ಲಿ ಈ ಗೀತಗಳನ್ನು ಹಾಡುವಾಗ ಆಲೆಫ್, ಬೇತ್ ಎಂಬ ಹೀಬ್ರೂ ಅಕ್ಷರಗಳ ಹೆಸರುಗಳನ್ನೂ ಅವರು ರಾಗವಾಗಿ ಹಾಡುತ್ತಿದ್ದರು. ಅರ್ಥವಿಲ್ಲದ ಅಕ್ಷರಕ್ಕೂ ಶೋಕದಲ್ಲಿ ಸ್ಥಾನವಿದೆಯೆಂದು ಬಲ್ಲವರು ಮಾತ್ರ ಹಾಗೆ ಮಾಡಬಲ್ಲರು. ನಮ್ಮ ಸಭೆಗಳಲ್ಲಿ ಮೂರನೆಯ ಅಧ್ಯಾಯವನ್ನು ಓದುವುದಾದರೆ ಅರುವತ್ತಾರನೆಯ ವಚನದವರೆಗೂ ಓದಲಿ; ದೇವರನ್ನು ಪ್ರಶ್ನಿಸುವ ವಚನಗಳನ್ನು ದುಃಖಿತರ ಬಾಯಿಂದ ಕಸಿದುಕೊಂಡು ಭರವಸೆಯನ್ನು ಮಾತ್ರ ಅವರ ಕೈಗೀಯುವ ಬೋಧಕನು, ಆ ಭರವಸೆಯನ್ನು ಇಲ್ಲಿಯವರೆಗೆ ಹೊತ್ತುತಂದ ಪ್ರಾರ್ಥನೆಯನ್ನೇ ಅವರಿಂದ ಕಸಿದುಕೊಳ್ಳುತ್ತಾನೆ.