ಎಣಿಕೆಯ ನಿಷ್ಠೆ: ಶಾಲೆಯ ಬಾಗಿಲಿಗೆ ಬಂದ ಕಣಭೌತಶಾಸ್ತ್ರ

ಪ್ರತಿವರ್ಷ ಸುಮಾರು 60 ದೇಶಗಳ ಸಾವಿರಾರು ವಿದ್ಯಾರ್ಥಿಗಳು ಸಮೀಪದ ವಿಶ್ವವಿದ್ಯಾಲಯಕ್ಕೆ ಒಂದು ದಿನದ ಮಟ್ಟಿಗೆ ಹೋಗಿ ಕಣಭೌತವಿಜ್ಞಾನಿಗಳ ಕೆಲಸವನ್ನು ಕೈಯಾರೆ ಮಾಡಿ ನೋಡುತ್ತಾರೆ. 2005ರಿಂದ ನಡೆದು ಬಂದಿರುವ ಈ 'ಅಂತರರಾಷ್ಟ್ರೀಯ ಮಾಸ್ಟರ್‌ಕ್ಲಾಸ್'ನಲ್ಲಿ ಬೆಳಿಗ್ಗೆ ಉಪನ್ಯಾಸಗಳು, ಮಧ್ಯಾಹ್ನ ಅಳತೆಯ ಕೆಲಸ, ಸಂಜೆ ಅನ್ಯದೇಶದ ವಿದ್ಯಾರ್ಥಿಗಳೊಡನೆ ದೃಶ್ಯಸಂವಾದ. ಅಳತೆಗೆ ಒದಗುವುದು ಜಿನೀವಾ ಬಳಿಯ ಸರ್ನ್ ಸಂಸ್ಥೆಯ ಮಹಾಘರ್ಷಕದಲ್ಲಿ ದಾಖಲಾದ ನಿಜವಾದ ಮಾಹಿತಿ.

ಇಲ್ಲಿನ ಅಭ್ಯಾಸಗಳಲ್ಲಿ ಒಂದಂತೂ ಅತ್ಯಂತ ಸೊಗಸಾದುದು. ಇಬ್ಬಿಬ್ಬರು ವಿದ್ಯಾರ್ಥಿಗಳು ಒಂದು ಗಣಕದ ಮುಂದೆ ಕುಳಿತು ಐವತ್ತು ಪ್ರೋಟಾನ್ ಘರ್ಷಣೆಗಳ ಚಿತ್ರಗಳನ್ನು ಒಂದೊಂದಾಗಿ ಪರಿಶೀಲಿಸುತ್ತಾರೆ. ಕಾಂತಕ್ಷೇತ್ರದಲ್ಲಿ ಕಣದ ಹಾದಿ ಯಾವ ಕಡೆಗೆ ಬಾಗಿದೆ ಎಂಬುದರಿಂದ ಅದರ ವಿದ್ಯುದಂಶ ತಿಳಿಯುತ್ತದೆ. ಲೆಕ್ಕಕ್ಕೆ ಸಿಗದೆ ಹೋದ ಸಂವೇಗದಿಂದ, ಕಣ್ಣಿಗೆ ಬೀಳದ ನ್ಯೂಟ್ರಿನೋ ಹಾರಿಹೋದುದನ್ನು ಊಹಿಸಬಹುದು. ಹೀಗೆ ಧನ ಡಬ್ಲ್ಯೂ ಕಣಗಳೆಷ್ಟು, ಋಣ ಡಬ್ಲ್ಯೂ ಕಣಗಳೆಷ್ಟು ಎಂದು ಎಣಿಸಬೇಕು. ಧನ ಕಣಗಳೇ ಹೆಚ್ಚು. ಪ್ರೋಟಾನಿನಲ್ಲಿ ಎರಡು 'ಅಪ್' ಕ್ವಾರ್ಕ್‌ಗಳೂ ಒಂದೇ 'ಡೌನ್' ಕ್ವಾರ್ಕ್ ಇರುವುದೇ ಇದಕ್ಕೆ ಕಾರಣ. ಆದರೆ ಒಂದು ಮೇಜಿನ ಲೆಕ್ಕದಲ್ಲಿ ಇದು ಕಾಣದೇ ಹೋಗಬಹುದು, ತಿರುವುಮುರುವಾಗಿಯೂ ಬರಬಹುದು. ಎಲ್ಲ ಮೇಜುಗಳ ಎಣಿಕೆಯನ್ನು ಕೂಡಿಸಿದಾಗಲೇ ಪ್ರಮಾಣವು ಸ್ಥಿರವಾಗುತ್ತ ಬರುತ್ತದೆ. ತನ್ನ ಐವತ್ತು ಘರ್ಷಣೆಗಳು ಸತ್ಯದ ಒಂದು ಚೂರು ಮಾತ್ರವೆಂಬುದನ್ನು ವಿದ್ಯಾರ್ಥಿಯು ಆಗ ಯಾರ ಉಪದೇಶವೂ ಇಲ್ಲದೆ ಅರಿಯುತ್ತಾನೆ.

ಆಕ್ಷೇಪವಿರುವುದು 'ಒಂದು ದಿನದ ವಿಜ್ಞಾನಿ' ಎಂಬ ಆಹ್ವಾನದ ಮಾತಿನಲ್ಲಿ. ಡಬ್ಲ್ಯೂ ಕಣವು 1983ರಲ್ಲಿಯೇ ಪತ್ತೆಯಾದುದು. ವಿದ್ಯಾರ್ಥಿಯ ಮುಂದಿರುವ ಘರ್ಷಣೆಗಳು ತಜ್ಞರು ಮೊದಲೇ ಆರಿಸಿಟ್ಟವು. ಸೆಕೆಂಡಿಗೆ ನಾಲ್ಕು ಕೋಟಿಯಷ್ಟು ಬಾರಿ ಪ್ರೋಟಾನ್ ಗುಂಪುಗಳು ಎದುರುಬದುರಾಗುವ ಆ ಯಂತ್ರದಲ್ಲಿ ಬಹುಪಾಲು ಮಾಹಿತಿ ಒಡನೆಯೇ ತ್ಯಾಜ್ಯವಾಗುತ್ತದೆ. ಏನನ್ನು ಉಳಿಸಬೇಕು, ಏನನ್ನು ಬಿಡಬೇಕು ಎಂಬ ತೀರ್ಮಾನವೇ ಸಂಶೋಧನೆಯ ಅತಿ ಕಠಿಣವಾದ ಭಾಗ. ಅದು ವಿದ್ಯಾರ್ಥಿಯ ಕಣ್ಣಿಗೆ ಬೀಳುವುದೇ ಇಲ್ಲ. ಇದನ್ನು ಬಿಚ್ಚಿ ಹೇಳಿದರೆ ದೋಷವಿಲ್ಲ. ಹೇಳದೆ, ತಾಳೆಯಾಗದ ಉತ್ತರ ಬಂದಾಗ 'ಸರಿಯಾದುದು ಇದು' ಎಂದು ಹಲಗೆಯ ಮೇಲೆ ಬರೆದುಬಿಟ್ಟರೆ, ಮಗು ಕಲಿಯುವುದು ತನ್ನ ಎಣಿಕೆಯನ್ನು ದೊಡ್ಡವರ ಎಣಿಕೆಗೆ ಸರಿಹೊಂದಿಸುವುದನ್ನು. ನಮ್ಮ ಶಾಲೆಗಳ ಪ್ರಯೋಗ ಪುಸ್ತಕಗಳಲ್ಲಿ ಈ ಚಾಳಿ ಅಪರಿಚಿತವೇನಲ್ಲ! (ಲಿಯಾನ್ ಲೆಡರ್‌ಮನ್ನರ 1993ರ ಗ್ರಂಥದ ಹೆಸರಿನಿಂದ ಹಿಗ್ಸ್ ಕಣಕ್ಕೆ ಅಂಟಿಕೊಂಡ 'ದೇವಕಣ' ಎಂಬ ಬಿರುದೂ ಇಂಥದೇ ಉತ್ಪ್ರೇಕ್ಷೆ. ಅದರಿಂದ ವಿಜ್ಞಾನಕ್ಕೂ ಲಾಭವಾಗಲಿಲ್ಲ, ಧರ್ಮಕ್ಕೂ ಆಗಲಿಲ್ಲ.)

ಅಮೆರಿಕದಲ್ಲಿ 1999ರಲ್ಲಿ ಆರಂಭವಾದ 'ಕ್ವಾರ್ಕ್‌ನೆಟ್' ಹಿಡಿದ ದಾರಿ ನಿಧಾನದ್ದು, ಆದರೆ ಹೆಚ್ಚು ಗಟ್ಟಿಯಾದುದು. ಅದು ಮೊದಲು ಹಿಡಿದದ್ದು ಶಿಕ್ಷಕರ ಕೈಯನ್ನು. ಬೇಸಿಗೆಯ ರಜೆಯಲ್ಲಿ ಸಂಶೋಧಕರೊಡನೆ ದುಡಿದ ಶಿಕ್ಷಕರು ವಿಶ್ವಕಿರಣಗಳ ಮ್ಯೂಯಾನ್‌ಗಳನ್ನು ಎಣಿಸುವ ಉಪಕರಣವನ್ನು ತಮ್ಮ ತರಗತಿಗೇ ತರುತ್ತಾರೆ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಯಾನ್. ಎಂದರೆ ಚಾಚಿದ ಅಂಗೈಯ ಮೂಲಕ ಸುಮಾರು ಸೆಕೆಂಡಿಗೊಂದು. ಇವನ್ನು ಯಾರೂ ಆರಿಸಿ ಕೊಟ್ಟಿಲ್ಲ. ನೂರು ಎಣಿಕೆ ನಿರೀಕ್ಷಿಸಿದಲ್ಲಿ ತೊಂಬತ್ತು ಬಂದರೆ ಅದು ತಪ್ಪಲ್ಲ, ಸಹಜವಾದ ಏರಿಳಿತ. ಐವತ್ತು ಬಂದರೆ ತಂತಿ ಸಡಿಲಗೊಂಡಿರಬೇಕು. ಯಾವ ದಿನದ ಅಂಕಿಯನ್ನು ಕೈಬಿಡಬೇಕೆಂಬುದನ್ನು ಫಲ ನೋಡುವ ಮೊದಲೇ ನಿಶ್ಚಯಿಸುವ ಶಿಸ್ತನ್ನು ಇಂಥ ಉಪಕರಣವು ವಾರಗಟ್ಟಲೆ ಕಲಿಸಬಲ್ಲದು. ಒಂದು ದಿನದ ಯಾತ್ರೆಗೆ ಅದು ಸಾಧ್ಯವಿಲ್ಲ.

ಕನ್ನಡ ಶಿಕ್ಷಕರಿಗಂತೂ ಇದರ ಉದಾಹರಣೆ ಮನೆಯಂಗಳದಲ್ಲಿಯೇ ಇದೆ. ಭೂಮಿಯೊಳಗೆ ಇಳಿದಷ್ಟೂ ಮ್ಯೂಯಾನ್‌ಗಳು ವಿರಳವಾಗುತ್ತವೆ. ಆದುದರಿಂದಲೇ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಜಪಾನ್ ಮತ್ತು ಇಂಗ್ಲೆಂಡಿನ ಸಹೋದ್ಯೋಗಿಗಳೊಡನೆ ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿಲೋಮೀಟರಿಗೂ ಆಳಕ್ಕೆ ಇಳಿದು, 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಗುರುತನ್ನು ಕಂಡರು. ಅಲ್ಲಿ ದೊರೆತ ಘಟನೆಗಳು ಬೆರಳೆಣಿಕೆಯವು. ಒಂದೊಂದಕ್ಕೂ ತಿಂಗಳುಗಟ್ಟಲೆ ಕಾಯಬೇಕಾಗಿತ್ತು.

ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ನಡೆಸುವ ಟ್ರಸ್ಟುಗಳು ವಿಜ್ಞಾನಕ್ಕೆಂದು ಹಣ ತೆಗೆದಿಡುವಾಗ ಈ ಎರಡು ದಾರಿಗಳ ವ್ಯತ್ಯಾಸವನ್ನು ಗಮನಿಸಬೇಕು. ಬಸ್ಸು ತುಂಬ ಮಕ್ಕಳನ್ನು ಒಂದು ದಿನ ಕರೆದೊಯ್ಯುವುದು ಸುಲಭ. ಒಬ್ಬ ಶಿಕ್ಷಕರಿಗೆ ತಿಂಗಳ ಬಿಡುವು ಕೊಡುವುದು ಕಷ್ಟ. ಆರಂಭಕ್ಕೆ ದೊಡ್ಡ ಉಪಕರಣವೂ ಬೇಕಿಲ್ಲ. ಗಾಜಿನ ಪೆಟ್ಟಿಗೆ, ಐಸೋಪ್ರೊಪೈಲ್ ಆಲ್ಕೋಹಾಲ್, ಕೆಳಗಿಡಲು ಡ್ರೈ ಐಸ್, ಒಂದು ಟಾರ್ಚು ಇದ್ದರೆ ಮೇಘಕೋಷ್ಠ ಸಿದ್ಧ. ಕೋಣೆಯ ದೀಪ ಆರಿಸಿ ಹತ್ತು ನಿಮಿಷ ಕಾದರೆ, ತೆಳುವಾದ ಬಿಳಿಯ ಗೆರೆಗಳು ಒಂದೊಂದಾಗಿ ಮೂಡಿ ಮಾಯವಾಗತೊಡಗುತ್ತವೆ.